ದುಡಿಮೆಯ ಬಳಲಿಕೆ, ಬಿಡುವಿನ ಬೇಸರ ಮತ್ತು ವಿಡಿಯೋ ಆಟಗಳು: ವರ್ತಕರು ಅರಿಯಬೇಕಾದ ಕೆಲವು ವಿಚಾರಗಳು

ಪ್ರತಿಯೊಂದು ವ್ಯಾಪಾರ ಸಂಸ್ಥೆಯೂ ವರ್ಷಾಂತ್ಯದಲ್ಲಿ ತನ್ನ ಯಂತ್ರೋಪಕರಣಗಳಿಗೆ ಸವಕಳಿಯನ್ನು ಲೆಕ್ಕ ಹಾಕುತ್ತದೆ. ಅಕ್ಕಿ ಗಿರಣಿಯ ಮೋಟಾರು, ಅದಿರು ಸಾಗಿಸುವ ಲಾರಿ, ಹೋಟೆಲಿನ ಹವಾನಿಯಂತ್ರಕ ಇವೆಲ್ಲವೂ ಬಳಕೆಯಿಂದ ಸವೆಯುತ್ತವೆ ಎಂಬುದನ್ನು ನಾವು ಒಪ್ಪಿಕೊಂಡಿದ್ದೇವೆ. ಆದರೆ ಆ ಯಂತ್ರಗಳನ್ನು ನಡೆಸುವ ಮಾಲೀಕ, ಲೆಕ್ಕ ಬರೆಯುವ ಗುಮಾಸ್ತ, ರಾತ್ರಿ ಪಾಳಿಯ ಮೇಲ್ವಿಚಾರಕ ಇವರ ಸವಕಳಿಗೆ ಯಾವ ಅಢಾವೆ ಪತ್ರಿಕೆಯಲ್ಲಿಯೂ ಅಂಕಣವಿಲ್ಲ. ಅದು ಕಾಣಿಸಿಕೊಳ್ಳುವುದು ಬೇರೆ ರೂಪದಲ್ಲಿ: ತಪ್ಪಾಗಿ ನಮೂದಾದ ಬೀಜಕ, ಮರೆತುಹೋದ ಕಂತು, ಗ್ರಾಹಕನೊಡನೆ ಆಡಿದ ಬಿರುಸಿನ ಮಾತು, ಕಾರಣ ಹೇಳದೆ ಕೆಲಸ ಬಿಟ್ಟುಹೋದ ನಂಬಿಕಸ್ಥ ನೌಕರ.

ಇಂತಹ ದಣಿವನ್ನು ಕಳೆಯಲು ಇಂದು ಬಹುಮಂದಿ ಹಿಡಿದಿರುವ ದಾರಿ ಅಂಗೈಯಲ್ಲಿರುವ ಮೊಬೈಲ್. ಹೊಸಪೇಟೆಯ ಬಸ್ ನಿಲ್ದಾಣದಲ್ಲಾಗಲಿ, ಕಂಪ್ಲಿಯ ಗಿರಣಿಯ ಗದ್ದಿಗೆಯ ಮೇಲಾಗಲಿ, ಸಂಡೂರಿನ ತೂಕದ ಕಟ್ಟೆಯ ಬಳಿ ಸರದಿಯಲ್ಲಿ ನಿಂತ ಲಾರಿಯ ಒಳಗಾಗಲಿ, ಬಗ್ಗಿದ ತಲೆಯೊಂದು ಕಂಡರೆ ಅಲ್ಲಿ ಒಂದು ಆಟ ನಡೆದಿರುವ ಸಂಭವವೇ ಹೆಚ್ಚು. ಇದನ್ನು ಕಂಡು ‘ಕಾಲಹರಣ’ ಎಂದು ಹಿರಿಯರು ಮೂಗು ಮುರಿಯುವುದುಂಟು. ಅದು ನಿಜಕ್ಕೂ ಕಾಲಹರಣವೇ, ಅಥವಾ ದಣಿದ ಮನಸ್ಸಿಗೆ ದುರಸ್ತಿಯೇ? ದುರಸ್ತಿಯಾಗಿದ್ದ ಪಕ್ಷದಲ್ಲಿ ಅದು ಯಾವ ಹಂತದಲ್ಲಿ ನಷ್ಟದ ಬಾಬ್ತಾಗಿ ಬದಲಾಗುತ್ತದೆ? ಈ ಪ್ರಶ್ನೆಗಳನ್ನು ಸದಸ್ಯ ಬಾಂಧವರ ಮುಂದಿರಿಸಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೇಸರ ಬೇರೆ, ಬಳಲಿಕೆ ಬೇರೆ

ನಮ್ಮ ಮಾತಿನಲ್ಲಿ ‘ಬೇಜಾರು’ ಎಂಬ ಒಂದೇ ಪದ ಎರಡು ಭಿನ್ನ ಸ್ಥಿತಿಗಳನ್ನು ಸೂಚಿಸುತ್ತದೆ. ಮಾಡಲು ಸಾಕಷ್ಟು ಕೆಲಸವಿಲ್ಲದೆ, ಅಥವಾ ಮಾಡುವ ಕೆಲಸದಲ್ಲಿ ಹೊಸತೇನೂ ಇಲ್ಲದೆ ಮನಸ್ಸು ಜಡವಾಗುವುದು ಒಂದು. ಕೆಲಸ ಮಿತಿಮೀರಿ, ವಿರಾಮವಿಲ್ಲದೆ ತಿಂಗಳುಗಟ್ಟಲೆ ಮುಂದುವರಿದು, ಒಳಗಿನ ಚೈತನ್ಯವೇ ಬತ್ತಿಹೋಗುವುದು ಇನ್ನೊಂದು. ಮೊದಲನೆಯದು ಬೇಸರ, ಎರಡನೆಯದು ಬಳಲಿಕೆ, ಅಂದರೆ ಈಗ ಎಲ್ಲರೂ ಬಳಸುವ ‘ಬರ್ನ್‌ಔಟ್’.

ಬರ್ನ್‌ಔಟ್ ಎಂಬ ಪದವನ್ನು ಈ ಅರ್ಥದಲ್ಲಿ ಶಾಸ್ತ್ರೀಯ ಚರ್ಚೆಗೆ ತಂದವರು ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ಅವರ ಲೇಖನ ಪ್ರಕಟವಾದದ್ದು 1974ರಲ್ಲಿ. ಅನಂತರ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿ ಅದನ್ನು ಅಳೆಯುವ ಕ್ರಮವನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಬರ್ನ್‌ಔಟ್ ಕಾಯಿಲೆಯಾಗಿ ಅಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯಾಗಿ ಸೇರಿದೆ. ಅದರ ಪ್ರಕಾರ ಲಕ್ಷಣಗಳು ಮೂರು: ಶಕ್ತಿ ಬರಿದಾದ ಭಾವನೆ, ತನ್ನ ಉದ್ಯೋಗದ ಬಗ್ಗೆ ದೂರಭಾವ ಅಥವಾ ತಿರಸ್ಕಾರ, ಕಾರ್ಯದಕ್ಷತೆಯಲ್ಲಿ ಕುಸಿತ.

ನಮ್ಮ ನಾಲ್ಕು ಊರುಗಳ ವಹಿವಾಟನ್ನು ಬಲ್ಲವರಿಗೆ ಈ ಎರಡೂ ಸ್ಥಿತಿಗಳು ವರ್ಷದ ಕ್ಯಾಲೆಂಡರಿನಲ್ಲಿಯೇ ಕಾಣಸಿಗುತ್ತವೆ. ಹಂಪಿಯ ಪ್ರವಾಸಿ ವ್ಯಾಪಾರ ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಉಸಿರಾಡಲು ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅದೇ ವಸತಿಗೃಹದ ಸ್ವಾಗತಕಾರ ಬಾಗಿಲನ್ನು ನೋಡುತ್ತಾ ಕುಳಿತಿರುತ್ತಾನೆ. ಕಂಪ್ಲಿಯ ಭತ್ತದ ವ್ಯಾಪಾರ ಕೊಯ್ಲಿನ ವಾರಗಳಲ್ಲಿ ಹಗಲಿರುಳನ್ನು ಒಂದು ಮಾಡುತ್ತದೆ. ಕಾಲುವೆಯ ನೀರು ನಿಂತ ದಿನಗಳಲ್ಲಿ ಮೌನವಾಗುತ್ತದೆ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದ ಸಣ್ಣ ಗುತ್ತಿಗೆ ಸಂಸ್ಥೆಗಳ ಜೀವನ ಪಾಳಿಯ ಗಡಿಯಾರಕ್ಕೆ ಕಟ್ಟುಬಿದ್ದಿದೆ. ಇವೆಲ್ಲದರ ಲೆಕ್ಕ ಬರೆಯುವವರಿಗಂತೂ ತಿಂಗಳ 7ಕ್ಕೆ ಮೂಲದಲ್ಲಿ ಕಡಿತಗೊಳಿಸಿದ ತೆರಿಗೆ, 11ಕ್ಕೆ ಮಾರಾಟದ ವಿವರ, 15ಕ್ಕೆ ಭವಿಷ್ಯನಿಧಿ, 20ಕ್ಕೆ ಜಿಎಸ್‌ಟಿ ರಿಟರ್ನ್ ಎಂಬ ಚಕ್ರ 2017ರ ಜುಲೈ ಬಳಿಕ ನಿಂತದ್ದೇ ಇಲ್ಲ.

ಇದಲ್ಲದೆ ಈ ಪ್ರದೇಶ ಹಠಾತ್ ಆಘಾತಗಳನ್ನೂ ಕಂಡಿದೆ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಅಂದಿನ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆಹಿಡಿದಾಗ, ಹಿಂದಿನ ದಿನದವರೆಗೆ ನಿದ್ದೆಗೆಟ್ಟು ದುಡಿದವರು ಮರುದಿನದಿಂದ ನಿರುದ್ಯೋಗಿಗಳಾದರು. ಸಾಲು ಸಾಲಾಗಿ ನಿಂತ ಲಾರಿಗಳ ನೆರಳಿನಲ್ಲಿ ಚಾಲಕರು ಇಸ್ಪೀಟು ಕಲಸುತ್ತಿದ್ದ ದೃಶ್ಯ ಆ ದಿನಗಳನ್ನು ಕಂಡವರಿಗೆ ನೆನಪಿರುತ್ತದೆ. ಲಾರಿಯ ಸಾಲದ ಕಂತು ಮಾತ್ರ ನಿಂತಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ತಾತ್ಕಾಲಿಕ ತಡೆಹಲಗೆ ಕೂರಿಸುವವರೆಗಿನ ಸುಮಾರು ಒಂದು ವಾರ ಇಡೀ ಅಚ್ಚುಕಟ್ಟು ಪ್ರದೇಶದ ರೈತರೂ ಗಿರಣಿದಾರರೂ ನೆಮ್ಮದಿಯಾಗಿ ಉಂಡವರಲ್ಲ. ಕೆಲಸದ ಹೊರೆಯಷ್ಟೇ ಕಾತರವೂ ಮನುಷ್ಯನನ್ನು ಬಳಲಿಸುತ್ತದೆ.

ಕಲ್ಲಿನ ಮೇಲಿನ ಆಟದ ಮನೆಗಳು

ದುಡಿಯುವವರು ಆಟದ ಮೂಲಕ ದಣಿವಾರಿಸಿಕೊಳ್ಳುವುದು ಮೊಬೈಲ್ ಕಂಪೆನಿಗಳು ಕಲಿಸಿದ ವಿದ್ಯೆಯಲ್ಲ. ಹಂಪಿಯಲ್ಲಿ ಕಣ್ಣು ತಗ್ಗಿಸಿ ನಡೆದರೆ ಇದಕ್ಕೆ ಸಾಕ್ಷಿ ದೊರೆಯುತ್ತದೆ. ಅಲ್ಲಿನ ಮಂಟಪಗಳ ಜಗಲಿಗಳಲ್ಲಿ, ಕಲ್ಲುಹಾಸಿನಲ್ಲಿ, ಬಂಡೆಗಳ ಮೇಲೆ ಚೌಕಾಬಾರ, ಆಡು-ಹುಲಿ, ಅಳಗುಳಿ ಮುಂತಾದ ಆಟಗಳ ಮನೆಗಳನ್ನು ಕೊರೆದಿರುವುದನ್ನು ಕಾಣಬಹುದು. ಇವು ಶಿಲ್ಪಿಗಳು ಅರಸನ ಆಜ್ಞೆಯಂತೆ ಕಡೆದ ಅಲಂಕಾರಗಳಲ್ಲ. ಕಾವಲುಗಾರ, ಯಾತ್ರಿಕ, ಸರಕಿನ ಎತ್ತುಗಳನ್ನು ಬಿಚ್ಚಿ ಕುಳಿತ ವ್ಯಾಪಾರಿ, ದನ ಕಾಯುವ ಹುಡುಗ, ಹೀಗೆ ಬೇರೆ ಬೇರೆ ಕಾಲದ ಜನ ತಮ್ಮ ಬಿಡುವಿಗಾಗಿ ಗೀರಿಕೊಂಡ ಗೆರೆಗಳು ಎಂದು ಭಾವಿಸಲು ಅವಕಾಶವಿದೆ. ಕುದುರೆ, ಮುತ್ತು, ಮೆಣಸು ಮಾರಾಟವಾಗುತ್ತಿದ್ದ ರಾಜಧಾನಿಯಲ್ಲಿಯೂ ಗಿರಾಕಿ ಬಾರದ ಮಧ್ಯಾಹ್ನಗಳು ಇದ್ದೇ ಇರಬೇಕು.

ಈ ಆಟಗಳ ರಚನೆಯನ್ನು ಗಮನಿಸಿದರೆ ನಮ್ಮ ವಿಷಯಕ್ಕೆ ಬೇಕಾದ ಸುಳಿವು ದೊರೆಯುತ್ತದೆ. ಆಡು-ಹುಲಿಯಲ್ಲಿ ಸಾಮಾನ್ಯವಾಗಿ ಮೂರು ಹುಲಿಗಳು, ಹದಿನೈದು ಆಡುಗಳು. ಬಲ ಅಸಮಾನ, ಆದರೂ ಆಡುಗಳು ಒಗ್ಗೂಡಿದರೆ ಹುಲಿಯನ್ನು ಕಟ್ಟಿಹಾಕಬಲ್ಲವು. ಅಳಗುಳಿ ಮಣೆಯಲ್ಲಿ ಎರಡು ಸಾಲುಗಳಲ್ಲಿ ಏಳೇಳು ಗುಳಿಗಳು. ಹುಣಸೆ ಬೀಜ ಹಂಚುತ್ತಾ ಮುಂದಿನ ಗುಳಿಯ ಎಣಿಕೆಯನ್ನು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಬೇಕು. ಸ್ಪಷ್ಟ ನಿಯಮ, ತಲುಪಬಹುದಾದ ಗುರಿ, ತಕ್ಷಣದ ಫಲಿತಾಂಶ, ಸೋತರೆ ಮತ್ತೆ ಹೂಡಬಹುದಾದ ಅವಕಾಶ: ಒಂದು ಒಳ್ಳೆಯ ವಿಡಿಯೋ ಆಟವೂ ಇವಿಷ್ಟನ್ನೇ ಒದಗಿಸುತ್ತದೆ. ವ್ಯವಹಾರದಲ್ಲಿ ಇವೇ ನಾಲ್ಕೂ ದುರ್ಲಭ ಎಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

ಆಡಳಿತವನ್ನು ಬಲ್ಲ ನಮ್ಮ ಪೂರ್ವಿಕರೂ ಆಟಕ್ಕೆ ಗೌರವದ ಸ್ಥಾನವನ್ನೇ ನೀಡಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದು ಭಾಗಗಳಲ್ಲಿ ಮೊದಲ ಎರಡು ರಾಜ್ಯವನ್ನು ಪಡೆಯುವ ಮತ್ತು ಉಳಿಸಿಕೊಳ್ಳುವ ವಿಚಾರಕ್ಕೆ ಮೀಸಲು, ಕೊನೆಯ ಎರಡು ವಿನೋದ ಮತ್ತು ಕ್ರೀಡೆಗಳಿಗೆ ಮೀಸಲು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, ಅಧಿಕಾರವಿಲ್ಲದ ಅರಸನಾಗಿ 1868ರವರೆಗೆ ಬದುಕಿದ ಮುಮ್ಮಡಿ ಕೃಷ್ಣರಾಜ ಒಡೆಯರು ಸಾಹಿತ್ಯ, ಚಿತ್ರಕಲೆಗಳೊಡನೆ ಮಣೆಯಾಟಗಳಲ್ಲಿಯೂ ಅಪಾರ ಆಸಕ್ತಿ ತಳೆದಿದ್ದರು. ಹೊಸ ಆಟಗಳನ್ನೂ ಕಲ್ಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗವು ಈ ಆಟಗಳಿಗೇ ಸಂಬಂಧಿಸಿದ್ದು. ಕೈಯಿಂದ ಕೆಲಸ ಜಾರಿದ ಮೇಲೆ ಬುದ್ಧಿಯನ್ನು ಜಡವಾಗಗೊಡದ ವ್ಯಕ್ತಿಗೆ ಇದಕ್ಕಿಂತ ಉತ್ತಮ ಉದಾಹರಣೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ಮಣೆಯಿಂದ ಪರದೆಗೆ

ನಮ್ಮ ಕಚೇರಿಗಳಿಗೆ ಗಣಕಯಂತ್ರದ ಆಟ ಬಂದದ್ದು ಲೆಕ್ಕಪತ್ರದ ತಂತ್ರಾಂಶದ ಜೊತೆಯಲ್ಲಿಯೇ. 1990ರಲ್ಲಿ ವಿಂಡೋಸ್ 3.0ರೊಂದಿಗೆ ‘ಸಾಲಿಟೇರ್’ ಎಂಬ ಇಸ್ಪೀಟಿನ ಆಟ ಉಚಿತವಾಗಿ ಬಂದಿತು. ಎಲೆಗಳನ್ನು ಎಳೆದು ಇಡುವ ನೆಪದಲ್ಲಿ ಜನ ಮೌಸ್ ಬಳಕೆಯನ್ನು ಕಲಿತರು. ದಿನವಹಿ ನಮೂದಿಸುತ್ತಿದ್ದ ಎಷ್ಟೋ ಗುಮಾಸ್ತರು ಎರಡು ಕಂತೆ ವೋಚರುಗಳ ನಡುವೆ ಒಂದು ಸುತ್ತು ಸಾಲಿಟೇರ್ ಆಡಿ ಕಣ್ಣಿನ ಆಯಾಸ ಕಳೆದುಕೊಳ್ಳುತ್ತಿದ್ದರು. ಅದಕ್ಕೂ ಮುನ್ನ 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಝಿಟ್ನೋವ್ ರೂಪಿಸಿದ ‘ಟೆಟ್ರಿಸ್’, ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ಸರಳ ಆಟ, ಜಗತ್ತನ್ನೇ ಆವರಿಸಿತು. 2016ರಲ್ಲಿ ಮುಂಬಯಿ ಕಡೆಯ ಸಂಸ್ಥೆಯೊಂದು ಹೊರತಂದ ‘ಲೂಡೋ ಕಿಂಗ್’ 2020ರ ದಿಗ್ಬಂಧನದ ಕಾಲದಲ್ಲಿ ಮನೆಮನೆಯ ಆಟವಾಯಿತು. ಲೂಡೋ ನಮ್ಮ ಪಚ್ಚೀಸಿಯೇ ಇಂಗ್ಲೆಂಡಿಗೆ ಹೋಗಿ ವೇಷ ಬದಲಿಸಿ ಬಂದದ್ದು.

ವಿಡಿಯೋ ಆಟ ಇಂದು ಒಂದು ಉದ್ಯಮವೂ ಹೌದು. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಧ್ರುವ ಇಂಟರ್‌ಆ್ಯಕ್ಟಿವ್’ ದೇಶದ ಮೊದಲ ಆಟ-ತಯಾರಿಕಾ ಸಂಸ್ಥೆಗಳಲ್ಲೊಂದು. 2019ರಲ್ಲಿ ಅದನ್ನು ಅಮೆರಿಕದ ರಾಕ್‌ಸ್ಟಾರ್ ಕಂಪೆನಿ ಕೊಂಡುಕೊಂಡಿತು. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕೆ ಪ್ರತ್ಯೇಕ ನೀತಿಯನ್ನು 2012ರಲ್ಲಿಯೇ ಪ್ರಕಟಿಸಿದ ರಾಜ್ಯ ಕರ್ನಾಟಕ. 2017ರಲ್ಲಿ ಬಿಡುಗಡೆಯಾದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಪ್ರಸಿದ್ಧ ಆಟದ ಕಥೆ ನಡೆಯುವುದು ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಕಾಲದ ಅವಶೇಷಗಳ ನಡುವೆ. ಹಂಪಿಯಂತಹ ತಾಣವನ್ನು ಪಕ್ಕದಲ್ಲಿಟ್ಟುಕೊಂಡ ನಮ್ಮ ಯುವ ಉದ್ಯಮಿಗಳು ಇದನ್ನು ಗಮನಿಸುವುದು ಒಳಿತು.

ಆಟ ದಣಿವನ್ನು ಹೇಗೆ ಕಳೆಯುತ್ತದೆ?

ಜರ್ಮನಿಯ ಮನೋವಿಜ್ಞಾನಿಗಳಾದ ಸಬೀನ್ ಸೊನೆನ್‌ಟಾಗ್ ಮತ್ತು ಷಾರ್ಲೊಟ್ ಫ್ರಿಟ್ಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ನಂತರ ಮನುಷ್ಯ ಚೇತರಿಸಿಕೊಳ್ಳಲು ನಾಲ್ಕು ಅನುಭವಗಳು ನೆರವಾಗುತ್ತವೆ ಎಂದು ಗುರುತಿಸಿದರು.

1. ಕೆಲಸದಿಂದ ಮನಸ್ಸು ಕಳಚಿಕೊಳ್ಳುವುದು. ದೇಹ ಮನೆಗೆ ಬಂದರೆ ಸಾಲದು, ಮನಸ್ಸೂ ಬರಬೇಕು.

2. ವಿಶ್ರಾಂತಿ. ಉದ್ವೇಗವಿಲ್ಲದ ಹಗುರ ಸ್ಥಿತಿ.

3. ಪರಿಣತಿ. ಕೆಲಸಕ್ಕೆ ಹೊರತಾದ ಯಾವುದೋ ಒಂದರಲ್ಲಿ ನಾನು ಮುಂದುವರಿಯುತ್ತಿದ್ದೇನೆ ಎಂಬ ತೃಪ್ತಿ.

4. ಹತೋಟಿ. ಈ ಹೊತ್ತನ್ನು ಹೇಗೆ ಕಳೆಯಬೇಕೆಂಬ ನಿರ್ಧಾರ ನನ್ನದೇ ಎಂಬ ಭಾವ.

ದೂರದರ್ಶನದ ಮುಂದೆ ಒರಗಿ ಕುಳಿತರೆ ಎರಡನೆಯದು ದೊರೆಯಬಹುದು. ಆದರೆ ಕಣ್ಣು ಪರದೆಯ ಮೇಲಿದ್ದರೂ ಮನಸ್ಸು ಬಾಕಿ ವಸೂಲಿಯ ಸುತ್ತಲೇ ಸುತ್ತುತ್ತಿರುತ್ತದೆ. ಆಟವಾದರೋ ಗಮನವನ್ನು ಬೇಡುತ್ತದೆ. ಬೀಳುವ ತುಂಡನ್ನು ತಿರುಗಿಸಿ ಜೋಡಿಸುವವನಿಗೆ ಅದೇ ಕ್ಷಣದಲ್ಲಿ ಬಡ್ಡಿಯ ಲೆಕ್ಕ ಮಾಡಲು ಮನಸ್ಸಿನಲ್ಲಿ ಜಾಗ ಉಳಿಯುವುದಿಲ್ಲ. ಮನಸ್ಸಿನ ಕಾರ್ಯಸ್ಮೃತಿ ಸೀಮಿತವಾದದ್ದು. ಎರಡು ಕೆಲಸಗಳು ಒಂದೇ ಮೇಜಿಗೆ ಜಗಳವಾಡಿದಾಗ ಒಂದು ಹಿಂದೆ ಸರಿಯಲೇಬೇಕು. ಎಮಿಲಿ ಹೋಮ್ಸ್ ಮತ್ತು ಸಂಗಡಿಗರು ಆಕ್ಸ್‌ಫರ್ಡಿನಲ್ಲಿ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಕಲಕುವ ಚಿತ್ರವೊಂದನ್ನು ನೋಡಿದ ಬಳಿಕ ಟೆಟ್ರಿಸ್ ಆಡಿದವರಿಗೆ ಆ ದೃಶ್ಯಗಳು ಮರುಕಳಿಸಿದ್ದು ಕಡಿಮೆ. ಅದು ವ್ಯಾಪಾರದ ಚಿಂತೆಯನ್ನು ಕುರಿತ ಪ್ರಯೋಗವಲ್ಲ ಎಂಬುದು ನಿಜ. ಆದರೆ ಕಾರ್ಯವಿಧಾನ ಅರ್ಥವಾಗಲು ಸಹಾಯಕ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಬ್ರಿಟನ್ನಿನ ಎಮಿಲಿ ಕಾಲಿನ್ಸ್ ಮತ್ತು ಅನ್ನಾ ಕಾಕ್ಸ್ ಅವರ ಸಂಶೋಧನೆ. ಅವರ 2014ರ ಸಮೀಕ್ಷೆಯಲ್ಲಿ, ಡಿಜಿಟಲ್ ಆಟಗಳನ್ನು ಹೆಚ್ಚು ಆಡುವವರಲ್ಲಿ ಕೆಲಸದ ನಂತರದ ಚೇತರಿಕೆಯೂ ಹೆಚ್ಚಿರುವ ಸಂಬಂಧ ಕಂಡುಬಂದಿತು. 2019ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಲೆಕ್ಕದ ಪರೀಕ್ಷೆಯಿಂದ ದಣಿದ ಒಂದು ಸಣ್ಣ ಗುಂಪಿನ ಕೆಲವರಿಗೆ ಆಕಾರ ಜೋಡಿಸುವ ಆಟವನ್ನೂ ಕೆಲವರಿಗೆ ಧ್ಯಾನದ ಮೊಬೈಲ್ ತಂತ್ರಾಂಶವನ್ನೂ ಕೊಟ್ಟು ನೋಡಲಾಯಿತು. ಆಟ ಆಡಿದವರು ದಣಿವು ತಗ್ಗಿ ಹುರುಪು ಹೆಚ್ಚಿದುದಾಗಿ ತಿಳಿಸಿದರು. ಇದರಿಂದ ಧ್ಯಾನ ನಿಷ್ಪ್ರಯೋಜಕ ಎಂದು ತೀರ್ಮಾನಿಸಲಾಗದು. ಹತ್ತು ಹದಿನೈದು ನಿಮಿಷದ ಆಟವನ್ನು ಕೀಳಾಗಿ ಕಾಣಬೇಕಿಲ್ಲ ಎಂಬುದಷ್ಟೇ ಇದರ ಸಾರ.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಲಿಯೊನಾರ್ಡ್ ರೈನೆಕೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಹೆಚ್ಚು ದಣಿದವರೇ ಆಟ ಅಥವಾ ದೂರದರ್ಶನದ ಬಗ್ಗೆ ಹೆಚ್ಚು ಅಪರಾಧಿ ಭಾವ ತಳೆಯುತ್ತಾರೆ, ಆ ಭಾವದಿಂದಾಗಿಯೇ ಅವರಿಗೆ ದೊರೆಯಬೇಕಾದ ಚೇತರಿಕೆ ಕುಗ್ಗುತ್ತದೆ ಎಂದು ತೋರಿಸಿತು. ಅಂದರೆ, ಯಾರಿಗೆ ವಿರಾಮ ಅತ್ಯಂತ ಅಗತ್ಯವೋ ಅವರೇ ಅದನ್ನು ಕದ್ದು ಅನುಭವಿಸಿ ಅರ್ಧ ಫಲವನ್ನು ಕಳೆದುಕೊಳ್ಳುತ್ತಾರೆ. ‘ದುಡಿಯುವ ಗಂಡಸು ಆಟ ಆಡಬಹುದೇ’ ಎಂಬ ನಮ್ಮ ಪೇಟೆಯ ಮನೋಭಾವ ಈ ಅರ್ಥದಲ್ಲಿ ಖರ್ಚಿನ ಬಾಬ್ತು. ಅಂಗಡಿ ಮುಚ್ಚಿ ಬಂದ ಮೇಲೂ ಅಡಿಗೆಮನೆಯ ಪಾಳಿ ಕಾದಿರುವ ಮಹಿಳಾ ಉದ್ಯಮಿಗಳಿಗೆ ಈ ಅಪರಾಧಿ ಭಾವ ಇಮ್ಮಡಿಯಾಗಿರುತ್ತದೆ.

ಆಟದಿಂದ ಆಗದ ಕೆಲಸ

ಆದಾಗ್ಯೂ ಆಟವನ್ನು ಸರ್ವರೋಗ ನಿವಾರಕವೆಂದು ಭಾವಿಸುವುದು ತಪ್ಪಾದೀತು. ಬೇಸರಕ್ಕೆ ಆಟ ನೇರ ಮದ್ದು. ಬಳಲಿಕೆಗೆ ಅದು ಉಪಶಮನ ಮಾತ್ರ. ಲಾರಿಗೆ ಮಿತಿಮೀರಿ ಅದಿರು ತುಂಬುತ್ತಾ, ಪ್ರತಿ ಸಂಜೆ ಎಂಜಿನ್ನಿಗೆ ಒಳ್ಳೆಯ ಎಣ್ಣೆ ಹಾಕಿದರೆ ಅಚ್ಚು ಮುರಿಯುವುದು ತಪ್ಪುವುದಿಲ್ಲ, ತುಸು ತಡವಾಗುತ್ತದೆ. ಮೂರು ಜನರ ಕೆಲಸವನ್ನು ಒಬ್ಬನಿಂದ ಮಾಡಿಸುವ ಸಂಸ್ಥೆ ಆ ಒಬ್ಬನಿಗೆ ಆಟದ ಕೋಣೆ ಒದಗಿಸಿ ಪ್ರಯೋಜನವಿಲ್ಲ.

ಎರಡನೆಯದಾಗಿ, ನಿದ್ದೆಯನ್ನು ಕದ್ದು ಆಡಿದ ಆಟ ಲಾಭವಲ್ಲ. ಹಗಲೆಲ್ಲ ತನ್ನ ಕೈಯಲ್ಲಿಲ್ಲದ ಸಮಯವನ್ನು ರಾತ್ರಿ ಹನ್ನೆರಡರ ನಂತರ ವಸೂಲು ಮಾಡಲು ಹೊರಟವನು ಮರುದಿನದ ಖಾತೆಯಿಂದ ಸಾಲ ಪಡೆಯುತ್ತಿದ್ದಾನೆ. ಅದರ ಬಡ್ಡಿ ದುಬಾರಿ.

ಮೂರನೆಯದಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಅದೇ ವರ್ಗೀಕರಣದಲ್ಲಿ ‘ಆಟದ ಅಸ್ವಸ್ಥತೆ’ಯೂ ಸೇರಿದೆ. ಆಡುವುದರ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದೆ ಎಂದು ತಿಳಿದೂ ಮುಂದುವರಿಸುವುದು ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಹನ್ನೆರಡು ತಿಂಗಳ ಅವಧಿಯನ್ನು ಪರಿಗಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂತಹ ತಂತ್ರಜ್ಞಾನ-ವ್ಯಸನಕ್ಕೆಂದೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ತಿಂಗಳುಗಟ್ಟಲೆ ನಿದ್ದೆಯಿಲ್ಲದವರು, ಬದುಕೇ ಬೇಡವೆನಿಸಿದವರು ಆಟದ ಮೊರೆ ಹೋಗದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಹಣದ ಆಟ: ಗೆರೆಯ ಆಚೆಗಿನ ಅಪಾಯ

ಲೆಕ್ಕ ಪರಿಶೋಧಕನಾಗಿ ನಾನು ಹೆಚ್ಚು ಒತ್ತು ನೀಡಬಯಸುವ ಅಂಶ ಇದು. ಇದುವರೆಗೆ ಹೇಳಿದ ಆಟಗಳಿಗೂ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೂ ಹೆಸರಿನ ಹೊರತು ಬೇರೆ ಸಾಮ್ಯವಿಲ್ಲ. ಮೊದಲನೆಯದರಲ್ಲಿ ಸೋತವನು ನಕ್ಕು ಏಳುತ್ತಾನೆ. ಎರಡನೆಯದರಲ್ಲಿ ಸೋತವನು ಕಳೆದದ್ದನ್ನು ಮರಳಿ ಪಡೆಯಲು ಕೂರುತ್ತಾನೆ. ದಣಿವಾರಿಸಿಕೊಳ್ಳಲು ಹೋದವನಿಗೆ ಹೊಸದೊಂದು ಚಿಂತೆ ಗಂಟುಬೀಳುತ್ತದೆ.

ಕಳೆದ ಕೆಲವು ವರ್ಷಗಳಲ್ಲಿ ತಪಾಸಣೆಗೆ ಬಂದ ಬ್ಯಾಂಕ್ ವಿವರಪಟ್ಟಿಗಳಲ್ಲಿ ಒಂದು ಬಗೆಯ ನಮೂದುಗಳನ್ನು ನಾನು ಪದೇ ಪದೇ ಕಂಡಿದ್ದೇನೆ. ರಾತ್ರಿ ಹನ್ನೊಂದರ ನಂತರ ಐವತ್ತು, ನೂರು ರೂಪಾಯಿಗಳ ಪಾವತಿ. ಒಂದೆರಡು ವಾರದಲ್ಲಿ ಐನೂರು. ಬಳಿಕ ಒಂದೇ ರಾತ್ರಿಯಲ್ಲಿ ಹತ್ತಾರು ಸಲ ಸಾವಿರ. ಆಮೇಲೆ ಮೊಬೈಲ್ ಸಾಲದ ಕಂಪೆನಿಗಳಿಂದ ಜಮಾ. ಹೆಂಡತಿಯ ಒಡವೆಯ ಮೇಲೆ ಪಡೆದ ಸಾಲ ಅದೇ ಪಟ್ಟಿಯಲ್ಲಿ ಕೆಳಗೆ ಕಾಣಿಸಿಕೊಳ್ಳುತ್ತದೆ. ಒಬ್ಬ ಯುವಕನಂತೂ ಅಂಗಡಿಯ ವಸೂಲಿಯನ್ನು ಎರಡು ದಿನ ತಡವಾಗಿ ಜಮಾ ಮಾಡುತ್ತಾ ನಡುವಿನ ಅವಧಿಯಲ್ಲಿ ಆ ಹಣವನ್ನು ಆಟಕ್ಕೆ ಬಳಸುತ್ತಿದ್ದ. ಅವನು ದುಷ್ಟನಲ್ಲ, ಹನ್ನೆರಡು ಗಂಟೆ ದುಡಿದು, ಮಲಗುವ ಮುನ್ನ ತುಸು ಬೇಸರ ಕಳೆಯಲೆಂದು ಆರಂಭಿಸಿದವನು. ಮಾಲೀಕರು ಅವನ ತಂದೆಯನ್ನು ಕರೆಸಿ, ವೇತನದಿಂದ ಕಂತಿನಲ್ಲಿ ಮುರಿದುಕೊಳ್ಳುವಂತೆ ಏರ್ಪಡಿಸಿ, ಕೆಲಸದಲ್ಲಿ ಉಳಿಸಿಕೊಂಡರು. ಎಲ್ಲರಿಗೂ ಅಂತಹ ಮಾಲೀಕರು ದೊರೆಯುವುದಿಲ್ಲ.

ಇಂತಹ ಆಟದಲ್ಲಿ ‘ಕೌಶಲ ಇದ್ದರೆ ಗೆಲ್ಲಬಹುದು’ ಎಂಬ ಮಾತಿಗೆ ಸರಳ ಗಣಿತದ ಉತ್ತರವಿದೆ. ಉದಾಹರಣೆಗೆ, ಆಟ ನಡೆಸುವ ಸಂಸ್ಥೆ ಪ್ರತಿ ಸುತ್ತಿನಲ್ಲಿ ಕಟ್ಟಿದ ಹಣದ ಶೇ. 15ನ್ನು ತನ್ನ ಶುಲ್ಕವಾಗಿ ಮುರಿದುಕೊಂಡು ಉಳಿದದ್ದನ್ನು ಬಹುಮಾನವಾಗಿ ಹಂಚುತ್ತದೆ ಎಂದಿಟ್ಟುಕೊಳ್ಳೋಣ. ಸಮಬಲದ ಆಟಗಾರರಲ್ಲಿ 1,000 ರೂಪಾಯಿ ಕಟ್ಟಿದವನಿಗೆ ಸರಾಸರಿಯಲ್ಲಿ ಮರಳುವುದು 850. ಮರಳಿದ್ದನ್ನೇ ಮತ್ತೆ ಮತ್ತೆ ಕಟ್ಟುತ್ತಾ ಹೋದರೆ ಹತ್ತು ಸುತ್ತುಗಳ ಬಳಿಕ ಉಳಿಯುವುದು ಸರಾಸರಿ 197 ರೂಪಾಯಿ. ಯಾರೋ ಒಬ್ಬ ಗೆದ್ದ ಸುದ್ದಿ ಜಾಹೀರಾತಾಗುತ್ತದೆ. ಉಳಿದವರ ನಷ್ಟ ಸುದ್ದಿಯಾಗುವುದಿಲ್ಲ. ಇದರ ಮೇಲೆ ತೆರಿಗೆ ಬೇರೆ: 2023-24ನೆಯ ಆರ್ಥಿಕ ವರ್ಷದಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ಶೇ. 30ರ ಆದಾಯ ತೆರಿಗೆ, 2023ರ ಅಕ್ಟೋಬರ್ 1ರಿಂದ ಠೇವಣಿಯ ಪೂರ್ಣ ಮೊತ್ತಕ್ಕೆ ಶೇ. 28ರ ಜಿಎಸ್‌ಟಿ ವಿಧಿಸಲಾಯಿತು.

ಕಾನೂನಿನ ಹಾದಿಯನ್ನೂ ಸಂಕ್ಷೇಪವಾಗಿ ಹೇಳುವುದಾದರೆ, ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂತಹ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಉಚ್ಚ ನ್ಯಾಯಾಲಯ ಅದರ ಮುಖ್ಯ ಉಪಬಂಧಗಳನ್ನು ರದ್ದುಪಡಿಸಿತು. ಅನಂತರ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಇ-ಕ್ರೀಡೆ ಮತ್ತು ಸಾಮಾಜಿಕ ಆಟಗಳಿಗೆ ಪ್ರೋತ್ಸಾಹ, ಹಣದ ಆಟಕ್ಕೆ ನಿಷೇಧ ಎಂಬುದು ಅದರ ತಿರುಳು. ಹಣದ ಆಟ ಒದಗಿಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಲು ಅವಕಾಶವಿದೆ. ಈ ಕಾಯ್ದೆಯ ಬಳಿಕ ದೇಶದ ದೊಡ್ಡ ಸಂಸ್ಥೆಗಳು ಹಣದ ಆಟವನ್ನು ನಿಲ್ಲಿಸಿದವು. ಆದರೆ ವಿದೇಶದಿಂದ ಕಳ್ಳದಾರಿಯಲ್ಲಿ ಬರುವ ಕೊಂಡಿಗಳಿಗೆ ಕೊನೆಯಿಲ್ಲವಾದ್ದರಿಂದ ಎಚ್ಚರ ಸಡಿಲಿಸುವಂತಿಲ್ಲ.

ಸದಸ್ಯರು ಅನುಸರಿಸಬಹುದಾದ ಕ್ರಮಗಳು

ಮೇಲಿನ ವಿವೇಚನೆಯ ಹಿನ್ನೆಲೆಯಲ್ಲಿ ಕೆಲವು ವ್ಯಾವಹಾರಿಕ ಸಲಹೆಗಳನ್ನು ಇಲ್ಲಿ ಕ್ರೋಡೀಕರಿಸಲಾಗಿದೆ.

1. ಆಟಕ್ಕೆ ಹೊತ್ತು ಗೊತ್ತುಮಾಡಿ. ಊಟದ ವಿರಾಮದಲ್ಲಿ ಅಥವಾ ಅಂಗಡಿ ಮುಚ್ಚಿದ ಬಳಿಕ ಹದಿನೈದರಿಂದ ಮೂವತ್ತು ನಿಮಿಷ ಸಾಕು. ನಿಗದಿತ ಹೊತ್ತಿನ ಆಟದಲ್ಲಿ ಅಪರಾಧಿ ಭಾವಕ್ಕೆ ಎಡೆಯಿಲ್ಲ.

2. ತಾನಾಗಿ ಮುಗಿಯುವ ಆಟವನ್ನು ಆರಿಸಿಕೊಳ್ಳಿ. ಚದುರಂಗದ ಒಂದು ಪಂದ್ಯ, ಪದಬಂಧ, ಒಂದು ಸುತ್ತು ಸಾಲಿಟೇರ್ ಇವುಗಳಿಗೆ ಕೊನೆಯಿದೆ. ಕೊನೆಯೇ ಇಲ್ಲದೆ, ಪ್ರತಿ ಗಂಟೆಗೊಮ್ಮೆ ಬಾ ಎಂದು ಕರೆಯುವ ಆಟಗಳು ಬಿಡುವನ್ನು ಮತ್ತೊಂದು ನೌಕರಿಯನ್ನಾಗಿ ಮಾಡುತ್ತವೆ.

3. ಕೆಲಸಕ್ಕೆ ವಿರುದ್ಧ ಸ್ವಭಾವದ ಆಟವಿರಲಿ. ದಿನವಿಡೀ ಅಂಕಿಗಳೊಡನೆ ಇರುವವರಿಗೆ ಆಕಾರ, ಬಣ್ಣ, ಚಲನೆಯ ಆಟ ಹಿತ. ರಾತ್ರಿ ಪಾಳಿಯ ಒಂಟಿ ಕೆಲಸದವರಿಗೆ ಇತರರೊಡನೆ ಕೂಡಿ ಆಡುವ ಆಟ ಹಿತ. ದಿನವೆಲ್ಲ ಪರದೆ ನೋಡುವವರಿಗೆ ಚೌಕಾಬಾರದ ಮಣೆಯೇ ಹಿತ.

4. ಮಲಗುವ ಒಂದು ಗಂಟೆ ಮುಂಚೆ ಪರದೆಯನ್ನು ಆರಿಸಿ. ಸ್ಪರ್ಧೆಯ ಆಟಗಳ ಮಟ್ಟಿಗೆ ಇದು ಕಡ್ಡಾಯವಾಗಲಿ.

5. ಸಂಸ್ಥೆಯ ಮೊಬೈಲ್ ಮತ್ತು ಯುಪಿಐ ಖಾತೆಗೆ ಯಾವುದೇ ಆಟವನ್ನು ಜೋಡಿಸಕೂಡದು. ನಗದು ವಸೂಲು ಮಾಡುವವರು ಮತ್ತು ಅದನ್ನು ಲೆಕ್ಕಕ್ಕೆ ಬರೆಯುವವರು ಬೇರೆಯಾಗಿರಲಿ. ಬ್ಯಾಂಕ್ ಸಮನ್ವಯ ಪಟ್ಟಿಯನ್ನು ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ ಸಿದ್ಧಪಡಿಸಿ.

6. ರಜೆಯನ್ನು ಕಡ್ಡಾಯಗೊಳಿಸಿ. ಬ್ಯಾಂಕುಗಳಲ್ಲಿ ಸೂಕ್ಷ್ಮ ಹುದ್ದೆಯಲ್ಲಿರುವವರು ವರ್ಷಕ್ಕೆ ಕನಿಷ್ಠ ಹತ್ತು ಕೆಲಸದ ದಿನ ಒಟ್ಟಿಗೆ ರಜೆಯಲ್ಲಿರಬೇಕೆಂದು ಭಾರತೀಯ ರಿಸರ್ವ್ ಬ್ಯಾಂಕ್ 2021ರಲ್ಲಿ ಸುತ್ತೋಲೆ ಹೊರಡಿಸಿತು. ಆ ನಿಯಮದ ಉದ್ದೇಶ ವಂಚನೆಯ ಪತ್ತೆ. ಆದರೆ ದಣಿದ ನೌಕರನಿಗೆ ಅದು ಚೇತರಿಕೆಯೂ ಹೌದು. ನಮ್ಮ ಸಣ್ಣ ಸಂಸ್ಥೆಗಳು ಐದು ದಿನದಿಂದಲಾದರೂ ಆರಂಭಿಸಬಹುದು.

7. ವಿರಾಮ ದಯೆಯಲ್ಲ, ಹಕ್ಕು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿ ದಿನದ ವಿಶ್ರಾಂತಿಯ ಬಿಡುವಿಗೂ ವಾರದ ರಜೆಗೂ ಸ್ಪಷ್ಟ ಅವಕಾಶವಿದೆ. ಅದನ್ನು ಪಾಲಿಸುವುದೇ ಬಳಲಿಕೆಗೆ ಮೊದಲ ಚಿಕಿತ್ಸೆ.

8. ಸಿಬ್ಬಂದಿಯ ಕೋಣೆಯಲ್ಲಿ ಒಂದು ಕೇರಂ ಹಲಗೆ, ಒಂದು ಚದುರಂಗದ ಮಣೆ ಇರಿಸಿ. ಇದು ಸಿಬ್ಬಂದಿ ಕಲ್ಯಾಣದ ವೆಚ್ಚವಾಗಿ ವ್ಯವಹಾರದ ಖರ್ಚಿಗೆ ಸೇರುತ್ತದೆ. ಮೊತ್ತ ಒಂದು ಕ್ವಿಂಟಲ್ ಅಕ್ಕಿಯ ಬೆಲೆಯನ್ನು ಮೀರದು.

ಇವುಗಳಲ್ಲಿ ಮೊದಲ ನಾಲ್ಕು ವ್ಯಕ್ತಿ ತಾನೇ ಪಾಲಿಸಬೇಕಾದವು. ಉಳಿದವು ಮಾಲೀಕರ ಹೊಣೆ. ಎರಡೂ ಕೂಡಿದರೆ ಮಾತ್ರ ಫಲ. ಯಂತ್ರದ ದುರಸ್ತಿಗೆ ಮಾಡಿದ ಖರ್ಚನ್ನು ಯಾವ ವರ್ತಕನೂ ದಂಡವೆಂದು ಬರೆಯುವುದಿಲ್ಲ. ಅದು ಆ ವರ್ಷದ ಆದಾಯವನ್ನು ಗಳಿಸಲು ತಗುಲಿದ ನ್ಯಾಯವಾದ ವೆಚ್ಚ. ದುಡಿಯುವ ಮನಸ್ಸಿಗೆ ದಿನಕ್ಕೆ ಅರ್ಧ ಗಂಟೆಯ ಆಟವನ್ನೂ ಅದೇ ಶೀರ್ಷಿಕೆಯ ಅಡಿಯಲ್ಲಿ ಬರೆಯಬಹುದು. ಆದರೆ ಮಿತಿಯ ಕಲಂ ಖಾಲಿ ಬಿಡಬಾರದು, ಮತ್ತು ಆ ಖಾತೆಗೆ ಹಣ ಎಂದಿಗೂ ಖರ್ಚು ಬೀಳಬಾರದು. ಹೊಸ ಆರ್ಥಿಕ ವರ್ಷದ ರಜೆಯ ಪಟ್ಟಿಯನ್ನು ಸಿದ್ಧಪಡಿಸುವಾಗ ಸದಸ್ಯರು ಈ ಅಂಶಗಳನ್ನು ತಮ್ಮ ಪಾಲುದಾರರೊಡನೆಯೂ ಸಿಬ್ಬಂದಿಯೊಡನೆಯೂ ಚರ್ಚಿಸಿ, ತಮ್ಮ ಸಂಸ್ಥೆಗೆ ಹೊಂದುವ ಒಂದು ಕ್ರಮವನ್ನು ರೂಪಿಸಿಕೊಳ್ಳಲೆಂದು ಆಶಿಸುತ್ತೇನೆ.